ಬರಬೇಕಾಗಿದ್ದ ಮಗಳು

ಹುಲಿಗೆಮ್ಮ ಟೀಚರ ಗಂಟಲಿಗೆ ಪೀಪಿ ಬೇಕಿರಲಿಲ್ಲ. ಹೈಸ್ಕೂಲಿನಲ್ಲಿ ಆಟ ಕಲಿಸುವ ಅವರು ಕೊರಳಿಗೆ ಅದನ್ನು ಶೋಕಿಗೆ ಹಾಕಿಕೊಂಡಿದ್ದರು ಅಂತಲೇ ನನ್ನ ನಂಬಿಕೆ. ದಿನಾ ಬೆಳಿಗ್ಗೆ ನಮ್ಮಪ್ಪನ ಗೇಟಿನ ಮುಂದೆ ಸ್ಕೂಟಿ ನಿಲ್ಲಿಸಿ, ಓಣಿಗೆಲ್ಲ ಕೇಳುವಂತೆ ಒಂದೇ ಮಾತು ವಿಚಾರಿಸುತ್ತಿದ್ದರು: “ಯಜಮಾನ್ರ, ಮಗಳು ಬಂದ್ಲೇನ್ರಿ?”

ಆ ಮಗಳು ನಾನು. ಸಿರುಗುಪ್ಪದ ಗಂಡನ ಮನೆಯಲ್ಲಿ ಹಾಯಾಗಿದ್ದೆ, ಬರುವ ವಿಚಾರವೇ ಇರಲಿಲ್ಲ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಬಂದವರಿಗೆ ನೀರು ಕೊಡುವ ಮೊದಲೇ ಒಂದು ಪ್ರಶ್ನೆ ಕಾದಿರುತ್ತದೆ: “ನೀವು ಯಾವ ಪೈಕಿ?” ಕೆಲವರು ತಡವರಿಸುತ್ತಾರೆ, ಕೆಲವರು ಸುಳ್ಳು ಹೇಳುತ್ತಾರೆ. ಟೀಚರು ಮಾತ್ರ ಅಪ್ಪ ಬಾಯಿ ತೆರೆಯುವ ಮೊದಲೇ, “ಕುರುಗೋಡಿನಾಕಿ ಅದೀನ್ರಿ, ಮಾದಿಗರ ಪೈಕಿ. ಮ್ಯಾಲಿನ ಮನಿ ತೋರಸ್ರಿ,” ಅಂದರಂತೆ. ಅಪ್ಪ ಲಿಂಗ ಕಟ್ಟಿದ ಬಟ್ಟೆ ವ್ಯಾಪಾರಿ. ಮುಖದ ಮೇಲೆ ಇಲ್ಲವೆನ್ನಲು ನಾಲಿಗೆ ಹೊರಳದು. ಓಣಿಯವರೆಲ್ಲ ಹೇಳುವುದನ್ನೇ ಹೇಳಿದ: “ಮನಿ ಖಾಲಿ ಇಲ್ರಿ. ಮಗಳು ಬರ್ತಾಳ.”

ಟೀಚರು ನಂಬಿದರು. ನಂಬಿದಂತೆ ನಡೆದುಕೊಂಡರು ಅನ್ನಿ. ಟು-ಲೆಟ್ ಬೋರ್ಡು ತೂಗುತ್ತಲೇ ಇತ್ತು, ಇವರು ಕೇಳುತ್ತಲೇ ಇದ್ದರು. ಅಪ್ಪ ಆ ಹೊತ್ತಿಗೆ ಸರಿಯಾಗಿ ಪೂಜೆಗೆ ಕೂಡತೊಡಗಿದ. ಆ ಗಂಟಲು ದೇವರ ಮನೆಗೂ ಮುಟ್ಟುತ್ತಿತ್ತು.

ಶ್ರಾವಣದಲ್ಲಿ ತವರಿಗೆ ಬಂದವಳು ಗೇಟಿನಲ್ಲಿ ನಿಂತಿದ್ದೆ. ಟೀಚರು ಸ್ಕೂಟಿ ಇಳಿದರು.

“ಅಂತೂ ಬಂದ್ರಿ ಬಿಡ್ರಿ, ತಾಯಿ. ಎಷ್ಟು ದಿನ ಇರ್ತೀರಿ?”

ಅಪ್ಪ ಹೇಳಿದ್ದ ನೆಪ ನನಗೇನು ಗೊತ್ತು? “ನಾಳಿಗೆ ಹೋಗ್ತೀನ್ರಿ,” ಅಂದೆ.

ಅವರು ಒಳಗೆ ತಿರುಗಿ, “ಯಜಮಾನ್ರ, ಮಗಳು ಬಂದ್ಲು, ಹೊಂಟ್ಲು. ಇನ್ನ ಮನಿ ಖಾಲಿ ಅಲ್ರೇನು?” ಅಂದರು.

ಅಪ್ಪ ವಿಭೂತಿ ಹಣೆಯಲ್ಲೇ ಹೊರಬಂದು ನನ್ನ ಮುಖ ನೋಡಿದ. ನನಗೆ ಆಗ ಎಲ್ಲ ಹೊಳೆಯಿತು. ನಗೆಯೂ ಬಂತು, ನಾಚಿಕೆಯೂ ಆಯಿತು. ಬೀಗದ ಕೈ ತಂದು ಅವನ ಕೈಗಿಟ್ಟೆ. ಅದನ್ನು ಬಹಳ ಹೊತ್ತು ನೋಡಿ, ಅವರಿಗೆ ಕೊಟ್ಟ.

ಟೀಚರು ಮೇಲಿನಿಂದ ಕಳಿಸುವ ಮಂಡಕ್ಕಿ ಒಗ್ಗರಣಿ-ಮಿರ್ಚಿಯನ್ನು ಅಪ್ಪ ಮೊದಲ ವರ್ಷ ಮುಟ್ಟಲಿಲ್ಲ. ಮರುವರ್ಷ ತಾನೇ ಕೇಳಿ ತರಿಸಿಕೊಂಡ. ಸಂಜೆ ಅವರು ಬರುವುದು ತಡವಾದರೆ ಗೇಟಿನಲ್ಲಿ ನಿಲ್ಲುವುದನ್ನೂ ಕಲಿತ.

ಆಮೇಲೆ ಅವರಿಗೆ ಕುರುಗೋಡಿಗೆ ವರ್ಗವಾಯಿತು. ಅಪ್ಪ ಮೇಲಿನ ಮನೆಗೆ ಬೀಗ ಹಾಕಿದ. ಗ್ಯಾರೇಜಿನ ಖಾದರ್ ಹೆಂಡತಿಯನ್ನು ಕರೆದುಕೊಂಡು ಬಂದು ಕೇಳಿದಾಗ ನಾನೂ ತವರಿನಲ್ಲಿದ್ದೆ. ಮತ್ತೆ ಅದೇ ರಾಗ: “ಮಗಳು ಬರ್ತಾಳ.”

“ನಾನೆಲ್ಲಿ ಬರ್ತೀನಪ್ಪ?” ಅಂದೆ.

“ನೀ ಅಲ್ಲಲೇ. ಟೀಚರು.”

ನನ್ನ ಕಣ್ಣು ಒದ್ದೆಯಾಯಿತು. ಟೀಚರಿಗೆ ಸಂತೋಷವಾದೀತೆಂದು ಕುರುಗೋಡಿಗೆ ಹೋಗಿ ಹೇಳಿದೆ. ಅವರು ನಕ್ಕರು. ನಗುತ್ತಲೇ ಚಹಾದ ಕಪ್ಪು ಕೆಳಗಿಟ್ಟರು.

“ನನ್ನ ಹೊರಗ ನಿಲ್ಲಿಸಿದ ಮಾತು ಅದು. ಈಗ ನನ್ನ ಹೆಸರ್ಲೆ ಇನ್ನೊಬ್ಬರ್ನ ಹೊರಗ ನಿಲ್ಲಸ್ತಾರೇನು? ನಿಮ್ಮಪ್ಪಾರಿಗೆ ಹೇಳ್ರಿ, ಮಗಳು ಬರಂಗಿಲ್ಲಂತ.”

ಅವರನ್ನು ನಾನು ನೋಡಿದ್ದು ಅದೇ ಕೊನೆ. ಬಳ್ಳಾರಿಗೆ ಬಂದವಳೇ ಗೇಟಿನಲ್ಲಿ ನಿಂತು, ನನಗಿರುವಷ್ಟು ಗಂಟಲಿನಲ್ಲಿ ಕೂಗಿದೆ: “ಅಪ್ಪಾ, ಮಗಳು ಬರಂಗಿಲ್ಲಂತ!”

ಓಣಿಯ ಕಿಟಕಿಗಳು ತೆರೆದವು. ಅಪ್ಪ ಖಾಲಿ ಮಹಡಿಯ ಕಡೆಗೊಮ್ಮೆ ನೋಡಿ ಕೇಳಿದ:

“ಖಾದರನ ನಂಬರು ನಿನ್ನ ಹತ್ರ ಐತೇನು?”