ನಿನ್ನ ರಕ್ತದಲ್ಲಿ ಇಲ್ಲದ್ದು

ಗಿರೀಶ, ಅವ್ವನ ಜೀನಿನ ದೋಷ ನಿನಗೆ ಬಂದಿಲ್ಲ. ಇದು ನನಗೆ ಆರು ವರ್ಷದಿಂದ ಗೊತ್ತು. ನಿನಗೆ ತಿಳಿಸದೆ ನಿನ್ನ ರಕ್ತವನ್ನು ಪರೀಕ್ಷಿಸಿದವಳು ನಾನೇ — ಸುಮ್ಮನಿದ್ದವಳೂ ನಾನೇ.

ಅವ್ವ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ಹೋದ ಮೇಲೆ ವಡೋದರಾದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ನಿನಗೆ ನೆನಪಿರಬೇಕು. ಗಡ್ಡೆ ಬೆಳೆಯದಂತೆ ತಡೆಯುವ ಜೀನುಗಳು ಎಲ್ಲರಲ್ಲೂ ಇರುತ್ತವೆ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು. ಅವ್ವನಲ್ಲಿ ಅಂಥ ಒಂದು ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿತ್ತು. ಉಳಿದೊಂದು ಪ್ರತಿ ಅಷ್ಟು ವರ್ಷ ಅವಳನ್ನು ಕಾಯಿತು. ಎಲ್ಲೋ ಒಂದು ಕೋಶದಲ್ಲಿ ಅದೂ ಹೋಯಿತು. ಮಕ್ಕಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಪರೀಕ್ಷೆ ಮಾಡಿಸುತ್ತೀರಾ ಎಂದರು.

"ನಂಗ ಗೊತ್ತಾಗೋದ ಬ್ಯಾಡಕ್ಕ," ಅಂದೆ ನೀನು. "ಗೊತ್ತಾದ್ರ ದಿನಾ ಹೊಟ್ಟಿ ಮುಟ್ಟಿ ನೋಡ್ಕೋತ ಕೂಡ್ತೀನಿ."

ನಾನು ಮಾಡಿಸಿದೆ. ನನಗೆ ಬಂದಿತ್ತು. ಅದನ್ನು ನಿನಗೆ ಹೇಳಿದೆ, ನೀನು ಅತ್ತೆ. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಅಹಮದಾಬಾದಿನ ಲ್ಯಾಬಿನಲ್ಲಿ ದಿನವಿಡೀ ಪರರ ಜೀನುಗಳನ್ನು ಓದುವವಳು ನಾನು. ಗಡ್ಡೆಯ ಚೂರಿನಲ್ಲಿ ಯಾವ ಕಾವಲು ಜೀನು ಮೊದಲು ಬಿತ್ತು, ಯಾವುದು ಆಮೇಲೆ ಎಂದು ಹುಡುಕುವುದು ನನಗೆ ಕೆಲಸಕ್ಕಿಂತ ಹೆಚ್ಚಾಗಿ ಚಟ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು — ನನಗೆ ಬಂದದ್ದು ನಿನಗೂ ಬಂದಿದೆಯೇ? ಬಸ್ಸಿನಲ್ಲಿ, ಅಡುಗೆ ಮಾಡುವಾಗ, ನಿನ್ನ ಜೊತೆ ಮಾತಾಡುವಾಗಲೂ ಇದೇ.

ನೀನು ನನ್ನನ್ನು ನೋಡಲು ಬಂದ ದಿನ ಲ್ಯಾಬಿಗೆ ಕರೆದೊಯ್ದೆ. "ಹೊಸ ಮಷೀನ್ ಬಂದೇತಿ. ಚೆಕ್ ಮಾಡಾಕ ಆರೋಗ್ಯವಂತರ ರಕ್ತ ಬೇಕು, ಕೊಡ್ತೀಯೇನೋ?" ಎಂದೆ. ನೀನು ನಕ್ಕು ಅಂಗಿಯ ತೋಳು ಮಡಚಿದೆ.

ನಿನ್ನ ರಕ್ತದಲ್ಲಿ ಆ ಜೀನನ್ನು ಮೂರು ಸಲ ನೋಡಿದೆ. ಎರಡೂ ಪ್ರತಿ ಸರಿಯಾಗಿದ್ದವು. ಮೊದಲು ಖುಷಿಯೇ ಆಯಿತು, ಅದನ್ನು ನಂಬು. ಆಮೇಲೆ ಹೇಗೆ ಹೇಳಲಿ ಎಂಬ ಚಿಂತೆ. ಹೇಳಿದರೆ ಒಪ್ಪಿಗೆಯಿಲ್ಲದೆ ನೋಡಿದ್ದೂ ಹೊರಬೀಳುತ್ತದೆ, ಕೆಲಸ ಹೋಗುತ್ತದೆ —

ಆರು ತಿಂಗಳಿಗೆ ನೀನು ವಡೋದರಾದ ಮಕರಪುರದ ನಿನ್ನ ಫ್ಯಾಕ್ಟರಿಯಿಂದ, ಊಟದ ಹೊತ್ತಿನಲ್ಲಿ ಫೋನ್ ಮಾಡಿದೆ. ನೀನು ಮದುವೆಯಾಗಬೇಕೆಂದಿದ್ದ, ಸೂರತ್ತಿನ ಉಧ್ನಾದ ಕಿಂಜಲ್‌ಗೆ ಬೇಡವೆಂದು ಹೇಳಿಬಿಡುತ್ತೇನೆ ಎಂದೆ. "ನಾಳೆ ನಂಗೇನರ ಆದ್ರ ಆಕಿ ಏನ್ ಮಾಡ್ಬೇಕಕ್ಕ? ಮಕ್ಕಳಿಗೂ ಬಂದ್ರ?"

ಒಂದು ವಾಕ್ಯ ಸಾಕಿತ್ತು. ನಾನು ಅಂದದ್ದು — "ನಿನಗ ಹೆಂಗ ತಿಳೀತದೋ ಹಂಗ ಮಾಡಪಾ."

ಯಾಕೆ ಹಾಗೆಂದೆ? ಕೆಲಸದ ಭಯ ಎಂದು ವರ್ಷಗಟ್ಟಲೆ ನಂಬಿದ್ದೆ. ಅದು ಅರ್ಧ ಮಾತ್ರ. ಪ್ರತಿ ವರ್ಷ ಸ್ಕ್ಯಾನಿಗೆ ಹೋದಾಗ, ವಡೋದರಾದಲ್ಲಿ ನೀನೂ ಹೆದರುತ್ತಿದ್ದೀಯ ಎಂಬುದು ನನಗೆ ಆಸರೆಯಾಗಿತ್ತು. ನಾನೊಬ್ಬಳೇ ಆಗುವುದು ಬೇಡವಾಗಿತ್ತು. ಇದು ನಿಜ.

ಮರುವರ್ಷ ಕಿಂಜಲ್ ಮದುವೆಗೆ ನೀನು ಸೂರತ್‌ಗೆ ಹೋಗಿ ಬಂದೆ. ಊಟ ಚೆನ್ನಾಗಿತ್ತು ಎಂದಷ್ಟೇ ಹೇಳಿದೆ.

ಕಳೆದ ವಾರ ನೀನೇ ಫೋನ್ ಮಾಡಿ, "ಅಕ್ಕ, ಹೆದರಿ ಹೆದರಿ ಸಾಕಾತು. ಶನಿವಾರ ಬರ್ತೀನಿ, ನಿನ್ ಲ್ಯಾಬಿನಾಗ ಟೆಸ್ಟ್ ಮಾಡಿಬಿಡು," ಎಂದಾಗ ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಹೊಸದಾಗಿ ಪರೀಕ್ಷಿಸಿ, ಹೊಸದಾಗಿ ಖುಷಿಪಟ್ಟಂತೆ ನಟಿಸಿ, ನಿನಗೆ ಪೇಡೆ ತಿನ್ನಿಸಬಹುದು. ಯಾರಿಗೂ ಎಂದೂ ತಿಳಿಯುವುದಿಲ್ಲ. ಎರಡು ದಿನ ಆ ಯೋಚನೆಯಲ್ಲೇ ಹಾಯಾಗಿದ್ದೆ, ಗಿರೀಶ.

ನಿನ್ನೆ ಲ್ಯಾಬಿನ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಟ್ಟೆ. ನಾನು ಕದ್ದು ನೋಡಿದ್ದನ್ನು ನಂಬಬೇಡ. ಬೇರೆ ಲ್ಯಾಬಿನಲ್ಲಿ, ನಿನ್ನ ಸಹಿ ಹಾಕಿ ರಕ್ತ ಕೊಡು. ಅಲ್ಲಿಯೂ ಇದೇ ಬಂದರೆ, ಎಲ್ಲರಿಗಿರುವಷ್ಟೇ ಅಪಾಯ ನಿನಗೂ. ಅದಕ್ಕಿಂತ ಹೆಚ್ಚಿಲ್ಲ.

ಶನಿವಾರ ಅಹಮದಾಬಾದ್ ಸ್ಟೇಷನ್ನಿಗೆ ಬಂದು ನಿಂತಿರುತ್ತೇನೆ. ನೋಡಿಯೂ ನೋಡದಂತೆ ನೀನು ಮುಂದೆ ಹೋದರೆ ಕೂಗಿ ಕರೆಯುವುದಿಲ್ಲ.