ಅಲ್ಮಾಜಳಿಗೆ ನಾನು ಮಾಡಿದ ಮುಯ್ಯಾಳು

ಮೊಮ್ಮಕ್ಕಳೇ, ಗೌರಿ, ಮಾದೇವ,

ಕುವೈತಿನ ಈ ಮನೆಗೆ ಬಂದ ಮೊದಲ ವಾರ ನನ್ನ ತಲೆ ತಿರುಗಿದ್ದು ಬಿಸಿಲಿಗಲ್ಲ. ಅಡುಗೆಮನೆಯಲ್ಲಿ ನಾವು ಮೂವರು ಹೆಂಗಸರು. ಒಂದೇ ಈರುಳ್ಳಿ ಹೆಚ್ಚುತ್ತಿದ್ದೆವು, ಒಂದೇ ನೆಲ ಒರೆಸುತ್ತಿದ್ದೆವು. ಸಂಬಳ ಮಾತ್ರ ಮೂರು ಬಗೆ. ಫಿಲಿಪೈನ್ಸಿನ ಮೇರಿಗೆ ಹೆಚ್ಚು, ನನಗೆ ಅದಕ್ಕಿಂತ ಕಡಿಮೆ, ಇಥಿಯೋಪಿಯಾದ ಅಲ್ಮಾಜಳಿಗೆ ಎಲ್ಲರಿಗಿಂತ ಕಡಿಮೆ.

ಡ್ರೈವರ್ ಸಲೀಮ್ ವಯನಾಡಿನವನು. ಹಿಂದೆ ಗುಂಡ್ಲುಪೇಟೆಯಿಂದ ಲಾರಿಯಲ್ಲಿ ತರಕಾರಿ ಒಯ್ಯುತ್ತಿದ್ದವನಾದ್ದರಿಂದ ನಮ್ಮ ಮಾತು ಬರುತ್ತದೆ. ಅವನನ್ನು ಕೇಳಿದೆ, "ಅಲ್ಮಾಜು ನನ್ಗಿಂತ ಬಿರ್ನೆ ಕೆಲ್ಸ ಮಾಡ್ತಾಳೆ, ಅವಳ್ಗ್ಯಾಕಪ್ಪ ಕಮ್ಮಿ?"

"ಇಲ್ಲಿ ಕೈ ನೋಡಿ ಕೂಲಿ ಕೊಡಲ್ಲಮ್ಮ, ಪಾಸ್‌ಪೋರ್ಟ್ ನೋಡಿ ಕೊಡ್ತಾರೆ. ನಿಮ್ ಟೊಮೇಟೊಗೆ ಊರಿಗೊಂದು ರೇಟ್ ಇರ್ಲಿಲ್ವಾ? ಹಂಗೇ. ಬಡ ದೇಶದವ್ರು ಅಗ್ಗ," ಎಂದು ನಕ್ಕ.

ಈ ದೇಶಕ್ಕೆ ಎಣ್ಣೆಯಿಂದ ಐಶ್ವರ್ಯ ಬಂತಂತೆ. ಎದುರಿಗೆ ಕಟ್ಟಡ ಏರುತ್ತಲೇ ಇದೆ. ಕಟ್ಟುವವರು ಅದರ ನೆರಳಲ್ಲಿ ಕೂತು ಖುಬ್ಸ್ ಎಂಬ ಅಗಲದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಇವರನ್ನೇ ದೂರಲಾರೆ. ಗುಂಡ್ಲುಪೇಟೆಯ ಮದ್ದೂರು ಕಡೆ ನಮ್ಮ ಹೊಲಗಳಲ್ಲೂ ರೆಸಾರ್ಟ್ ಎದ್ದಿತಲ್ಲ. ರೋಡು ಬಂತು, ಲೈಟು ಬಂತು, ಊರು ಮುಂದೆ ಬಂತು ಎಂದರು. ಹೊಲ ಮಾರಿದವರ ಸೊಸೆಯರು ಅಲ್ಲಿ ತಟ್ಟೆ ತೊಳೆಯುತ್ತಾರೆ. ನಿಮ್ಮಮ್ಮನೂ.

ಅಲ್ಮಾಜಳದ್ದೂ ನನ್ನದೂ ಒಂದೇ ಕೋಣೆ. ಓವನ್ ಹಚ್ಚುವುದನ್ನು ಕಲಿಸಿದವಳು ಅವಳೇ. ನನ್ನ ಮೊದಲ ರೊಟ್ಟಿ ಸೀಯದೆ ಬಂದ ದಿನ ಇಬ್ಬರೂ ಚಪ್ಪಾಳೆ ತಟ್ಟಿದೆವು. ಅವಳಿಗೆ ಜ್ವರ ಬಂದಾಗ, "ಮನಿಕೊ ಕಣಮ್ಮಿ, ನಿನ್ ಪಾಲಿಂದೂ ನಾನೇ ಮಾಡ್ಬುಡ್ತೀನಿ" ಎಂದೆ. ನೀವು ಮುಯ್ಯಾಳು ನೋಡಿದವರಲ್ಲ. ಈ ದಿನ ನಿನ್ನ ಹೊಲದ ಕಳೆ ನಾನು ಕಿತ್ತರೆ, ಇನ್ನೊಂದು ದಿನ ನನ್ನ ಹೊಲಕ್ಕೆ ನೀನು ಬರುತ್ತೀಯ. ಕೂಲಿಯಿಲ್ಲ. ಕೈಸನ್ನೆಯಲ್ಲಿ ಅವಳಿಗೂ ತಿಳಿಸಿದೆ. ಐದು ದಿನ ಇಬ್ಬರ ಕೆಲಸವನ್ನೂ ಒಬ್ಬಳೇ ಮಾಡಿದೆ. ಹೆಮ್ಮೆಯೂ ಆಯಿತು.

ಆರನೆಯ ದಿನ ಯಜಮಾನಿ ಕರೆದು ನನ್ನ ಬೆನ್ನು ತಟ್ಟಿದರು. ಅವರು ಅರಬ್ಬಿಯಲ್ಲಿ ಹೇಳಿದ್ದನ್ನು ಸಲೀಮ್ ನೆಲ ನೋಡುತ್ತಾ ಹೇಳಿದ. "ಇಬ್ರ ಕೆಲ್ಸ ನೀವೊಬ್ರೇ ಮಾಡ್ತೀರಲ್ಲ, ಇನ್ನೊಬ್ಬಳು ಯಾಕೆ ಅಂತಾರೆ. ಅಲ್ಮಾಜ್‌ನ ಏಜೆಂಟ್ ಹತ್ರ ವಾಪಸ್ ಕಳಿಸ್ತಾರಂತೆ. ನಿಮ್ಗೆ ಸಂಬಳ ಏರಿಸ್ತಾರಂತೆ."

"ಅಯ್ಯೋ, ನಾನು ಮಾಡಿದ್ದು ಮುಯ್ಯಾಳು ಕಣಪ್ಪ! ಬುಡಿಸಿ ಹೇಳಪ್ಪ ಅವರ್ಗೆ!"

"ಮುಯ್ಯಾಳಿಗೆ ಅರಬ್ಬಿಲಿ ಏನಂತಾರೋ ನಂಗೊತ್ತಿಲ್ಲ. ಜಾಸ್ತಿ ಮಾತಾಡಿದ್ರೆ ನಿಮ್ಮನ್ನೂ ಕಳಿಸ್ತಾರೆ. ಆಮೇಲೆ ಮೊಮ್ಮಗಳ ಫೀಸು?"

ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ನಾಚಿಕೆಗೆ ಬಾಯಿ ಬಿಡದವಳು ನಾನು. ಆ ದಿನ ಬಾಯಿ ಮುಚ್ಚಿದ್ದು ನಾಚಿಕೆಗಲ್ಲ.

ಹೋಗುವಾಗ ಅಲ್ಮಾಜಳಿಗೆ ಯಾರೂ ಕಾರಣ ಹೇಳಿರಲಿಲ್ಲ. ಅವಳು ನನ್ನನ್ನು ತಬ್ಬಿಕೊಂಡಳು. ಐದು ಬೆರಳು ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ನನಗಾಗಿ ಐದು ದಿನ ದುಡಿಯುತ್ತೇನೆ ಎಂದರ್ಥ.

ಗೌರಿ, ಚಾಮರಾಜನಗರದಲ್ಲಿ ನೀನು ನರ್ಸಿಂಗಿಗೆ ಸೇರಿದ್ದು ಆ ಏರಿಸಿದ ಸಂಬಳದಲ್ಲಿ. ಊರಿಗೆ ಬಂದುಬಿಡು ಅಜ್ಜಿ ಎನ್ನುತ್ತೀಯ. ಬಂದರೆ ನಿನ್ನ ಬಿಳಿ ಸಮವಸ್ತ್ರ ನೋಡಿ ಹಿಗ್ಗಲಾರೆ. ಇಲ್ಲಿದ್ದರೆ ಕೋಣೆಯಲ್ಲಿ ಅವಳ ಖಾಲಿ ಮಂಚ. ಎರಡು ಕಡೆಯೂ ನನಗೆ ತಲೆಯೆತ್ತಲಾಗದು. ನೀನು ಮಾತ್ರ ಓದು ಬಿಡಬೇಡ. ಬಿಟ್ಟರೆ ಅವಳು ಹೋದದ್ದು ಯಾತಕ್ಕೂ ಆಗಲಿಲ್ಲ ಎಂದಾಗುತ್ತದೆ. ಓದಿದರೆ ಅದು ಸರಿಹೋಗುತ್ತದೆ ಎಂದೂ ನನಗೆ ಅನ್ನಿಸುತ್ತಿಲ್ಲ.