ಐದನೇ ಲೈನಿನ ಮರ

ಆ ಸಭಾಂಗಣದ ಸ್ಪೀಕರುಗಳನ್ನು ಮೂವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವನಿಗೆ ಸ್ವಂತ ಹೆಸರೇ ಉಳಿದಿರಲಿಲ್ಲ. ಎಲ್ಲರಿಗೂ ಅವನು ಮೈಕಣ್ಣ. ಕಾರ್ಯಕ್ರಮದ ದಿನ ಬೆಳಿಗ್ಗೆ ಖಾಲಿ ಕುರ್ಚಿಗಳ ನಡುವೆ ಕಣ್ಣು ಮುಚ್ಚಿ ನಿಲ್ಲುವನು. ಎಲ್ಲೋ ಒಂದು ಸಡಿಲ ತಂತಿ 'ಗುಂಯ್' ಎಂದರೆ ಸಾಕು, ಬೆಕ್ಕು ಇಲಿಯ ಜಾಡು ಹಿಡಿದಂತೆ ಹುಡುಕಿ ಹೋಗಿ ಅದರ ಸದ್ದಡಗಿಸುವನು.

"ಮನೇಲಿ ಕುಕ್ಕರ್ ಕೂಗಿದ್ರೆ ಕೇಳಲ್ಲ, ಅಲ್ಲಿ ಸೊಳ್ಳೆ ಹಾರಿದ್ರೂ ಕೇಳುತ್ತೆ ಈ ಮಹಾರಾಯರಿಗೆ," ಎಂದು ಹೆಂಡತಿ ಹಂಗಿಸುವಳು.

ಆದರೆ ಹೋದ ತಿಂಗಳು ಎರಡು ಸಲ ಸ್ಪೀಕರು ಕಿರುಚಿಬಿಟ್ಟಿತ್ತು. "ಅಣ್ಣ, ಇನ್ನೊಂದ್ಸಲ ಎಡವಟ್ಟಾದ್ರೆ ಬೇರೆಯವರನ್ನ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ," ಎಂದಿದ್ದರು ಮ್ಯಾನೇಜರು.

ಅದಾದ ಮೇಲಿನ ಮೊದಲ ಕಾರ್ಯಕ್ರಮ ಇದು. ಕಾರ್ಯಕ್ರಮ ಕೊಡಬೇಕಿದ್ದ ಹುಡುಗಿ ವಾದ್ಯವೇ ಇಲ್ಲದೆ ಬಂದಿದ್ದಳು. ಒಂದು ಲ್ಯಾಪ್‌ಟಾಪು, ಗುಂಡಿಗಳ ಪೆಟ್ಟಿಗೆ, ಐದು ವೈರು. ಅವನ್ನು ಮೈಕಣ್ಣನ ಮಿಕ್ಸರಿನ ಐದು ಲೈನಿಗೆ ಒಂದೊಂದಾಗಿ ಸಿಕ್ಕಿಸುತ್ತ ಹೇಳಿದಳು:

"ಇದು ಹಳ್ಳ, ಇದು ಕಪ್ಪೆಗಳು, ಇದು ಗಾಳಿ, ಇದು ಜೇನು. ಐದನೇದು ಮರ, ಅಂಕಲ್. ತೊಗಟೆಗೆ ಮೈಕ್ ಅಂಟಿಸಿ ಒಳಗಿನ ಸದ್ದು ಹಿಡಿದಿದೀನಿ."

"ಮರ ಏನಮ್ಮ ಮಾತಾಡುತ್ತೆ?" ಎಂದು ಮೈಕಣ್ಣ ನಕ್ಕುಬಿಟ್ಟ.

ಸಂಜೆ ಸಭಾಂಗಣ ತುಂಬಿತು. ಹಳ್ಳ ಹರಿಯಿತು, ಕಪ್ಪೆಗಳು ತಾಳ ಹಿಡಿದವು, ಜೇನು ಮೇಲೆದ್ದು ಚಾವಣಿ ಸುತ್ತಿತು. ಆಮೇಲೆ ಒಂದೊಂದಾಗಿ ಎಲ್ಲವೂ ಇಳಿದು, ಅಡಿಯಲ್ಲಿ ಸಣ್ಣಗೆ 'ಗುಂಯ್' ಎನ್ನುವುದೊಂದೇ ಉಳಿಯಿತು. ಮತ್ತೆ ಸಡಿಲ ತಂತಿಯೇ! ಮೈಕಣ್ಣನ ಮೂವತ್ತೊಂದು ವರ್ಷ ಪಳಗಿದ ಬೆರಳು ಯಾರನ್ನೂ ಕೇಳಲಿಲ್ಲ. ಮಿಕ್ಸರಿನ ಐದನೇ ಗುಂಡಿಯನ್ನು ಸರ್ರನೆ ಕೆಳಗೆಳೆಯಿತು.

ಎಲ್ಲೆಲ್ಲೂ ಮೌನ. ವೇದಿಕೆಯಿಂದ ಆ ಹುಡುಗಿ ತಲೆಯೆತ್ತಿ ಅವನನ್ನೇ ನೋಡಿದಳು.

ಅಯ್ಯೋ, ಅದು ಮರವಾಗಿತ್ತು!

ಒಮ್ಮೆಲೇ ಏರಿಸಿದರೆ ಸ್ಪೀಕರು 'ಧಡ್' ಎನ್ನುತ್ತದೆ. ಅವನು ಉಸಿರು ಬಿಗಿಹಿಡಿದು ಗುಂಡಿಯನ್ನು ಕೂದಲೆಳೆಯಷ್ಟೇ, ಮತ್ತೆ ಕೂದಲೆಳೆಯಷ್ಟೇ ಮೇಲಕ್ಕೆ ಸರಿಸಿದ. ಸದ್ದು ಮೊದಲು ಅಂಗಾಲಿಗೆ ತಾಕಿತು. ಆಮೇಲೆ ಕುರ್ಚಿಗೆ, ಪಕ್ಕೆಲುಬಿಗೆ. ಅದರೊಳಗೆ ನೀರು ಏರುವ ಚಿಟಿಚಿಟಿ ಸದ್ದು, ಯಾವುದೋ ಹುಳು ನಡೆದಾಡುವ ಸಪ್ಪಳ, ಗಾಳಿಗೆ ಇಡೀ ಕಾಂಡ ನರಳಿ ಮತ್ತೆ ನೆಟ್ಟಗಾಗುವ ಸದ್ದು. ಹುಟ್ಟಿದಾಗಿನಿಂದ ನೆರಳು ಕೊಟ್ಟ ಮರಗಳ ಒಳಗೆ ಇಷ್ಟೆಲ್ಲ ನಡೆಯುತ್ತಿತ್ತೇ? ಮೈಕಣ್ಣನ ರೋಮ ನಿಮಿರಿತು. ಕೆಲಸ ಹೋಗುವ ಭಯವೂ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಕಾರ್ಯಕ್ರಮ ಮುಗಿದಾಗ ತಾನೇ ಮ್ಯಾನೇಜರ ಹತ್ತಿರ ಹೋಗಿ ನಿಂತ. "ಮಧ್ಯೆ ಸದ್ದು ನಿಂತಿದ್ದು ನನ್ನ ತಪ್ಪು, ಸಾರ್."

ಪಕ್ಕದಲ್ಲಿ ವೈರು ಸುತ್ತುತ್ತಿದ್ದ ಹುಡುಗಿ, "ನಿಲ್ಲಿಸಿದ್ದು ತಪ್ಪೇ," ಎಂದಳು. "ಆದ್ರೆ ಹಾಗೆ ವಾಪಸ್ ತರೋಕೆ ನನಗೆ ಬರಲ್ಲ. ನಾಳೆ ಕಾರ್ಯಕ್ರಮಕ್ಕೂ ಇವರೇ ಕೂರ್ಲಿ, ಸಾರ್." ಮ್ಯಾನೇಜರು 'ಹೂಂ' ಎಂದ ಮೇಲೆ ಮೈಕಣ್ಣನತ್ತ ತಿರುಗಿ, "ಐದನೇದಕ್ಕೆ ಮಾತ್ರ ಕೈ ಹಾಕ್ಬೇಡಿ, ಅಂಕಲ್!"

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಮರಕ್ಕೆ ಕಿವಿ ಆನಿಸಿ ನಿಂತಿದ್ದವನನ್ನು ಹೆಂಡತಿ ಕೈಹಿಡಿದು ಎಳೆದಳು. "ಬಸ್ ಬಂತು, ಬನ್ರೀ! ಜನ ನೋಡ್ತಿದಾರೆ."

"ಸ್ವಲ್ಪ ತಾಳೇ," ಎಂದ ಮೈಕಣ್ಣ. "ನೀನೂ ಒಂದ್ಸಲ ಕಿವಿ ಇಡು."